ಫ್ಯಾನಿಗೊಂದು ನೋಟೀಸು

ನಮ್ಮ ಭಾವನ ಮನೆಯ ಕಂಪ್ಯೂಟರಿಗೆ ಯಾರಾದರೂ ಬಸವನಹುಳುವಿನ ಹೋಲಿಕೆ ಕೊಟ್ಟರೆ, ಹುಳು ಮಾನನಷ್ಟ ಮೊಕದ್ದಮೆ ಹೂಡೀತು. ಬೆಳಗ್ಗೆ ಗುಂಡಿ ಒತ್ತಿ, ಹಲ್ಲುಜ್ಜಿ, ಸ್ನಾನ ಮುಗಿಸಿ, ಪತ್ರಿಕೆಯನ್ನು ಟೆಂಡರ್ ಪ್ರಕಟಣೆಗಳವರೆಗೆ ಓದಿ ಬಂದರೂ ತೆರೆಯ ನಡುವೆ ಆ ಪುಟ್ಟ ಚಕ್ರ ತಿರುಗುತ್ತಲೇ ಇರುತ್ತಿತ್ತು. "ಯೋಚನೆ ಮಾಡ್ತಿದೆ, ಅವಸರ ಮಾಡ್ಬೇಡಿ" ಎನ್ನುತ್ತಿದ್ದರು ಭಾವ, ಅದೇನೋ ತಮ್ಮ ಮೇಲಧಿಕಾರಿ ಎಂಬಂತೆ.

ಈ ನಿಧಾನವನ್ನು ಮನೆಯವರು ಎಂಟು ವರ್ಷ ಸಹಿಸಿದ್ದರು. ಒಂಬತ್ತನೆಯ ವರ್ಷದ ಒಂದು ಶನಿವಾರ ಅಕ್ಕನಿಗೆ ಒಂದು ಪತ್ರ ಬಂತು.

ನನ್ನ ಅಕ್ಕ ಹೆಣಿಗೆಯಲ್ಲಿ ಪಳಗಿದವಳು. ಹದಿನೆಂಟು ವರ್ಷದಿಂದ ಎರಡೂ ಕಡೆಯ ಬಂಧುಬಳಗಕ್ಕೆ ಸ್ವೆಟರು ಹೆಣೆದು ಹಾಕಿದ್ದಾಳೆ. ತೊಟ್ಟವರು "ಕಂಕುಳಲ್ಲಿ ಸ್ವಲ್ಪ ಬಿಗಿ" ಎಂದಿದ್ದಾರೆಯೇ ಹೊರತು "ಚೆನ್ನಾಗಿದೆ" ಎಂದವರಿಲ್ಲ. ಈಗ ಉಣ್ಣೆ ಬಟ್ಟೆಯ ಗಿರಣಿಯೊಂದು ಅವಳ ಕೈಕೆಲಸವನ್ನು ಎಲ್ಲೋ ನೋಡಿ ಬರೆದಿತ್ತು: ಹತ್ತು ವಿನ್ಯಾಸ ಕಳಿಸಿ, ಆಯ್ಕೆಯಾದ ಸ್ವೆಟರಿನ ಕುತ್ತಿಗೆಯ ಹಿಂದೆ, ಅಳತೆ ನಮೂದಿಸುವ ಪುಟ್ಟ ಪಟ್ಟಿಯ ಮೇಲೆ, ನಿಮ್ಮ ಹೆಸರು ಹಾಕುತ್ತೇವೆ. ಷರತ್ತು ಒಂದೇ. ವಿನ್ಯಾಸಗಳು ಗಿರಣಿಯದೇ ಸಾಫ್ಟ್‌ವೇರಿನಲ್ಲಿರಬೇಕು ಮತ್ತು ಮರುವಾರ ಕಳೆದು ಬರುವ ಸೋಮವಾರ ಬೆಳಗ್ಗೆ ಹನ್ನೊಂದರೊಳಗೆ ತಲುಪಬೇಕು. ಆ ಸಾಫ್ಟ್‌ವೇರಿಗೆ ನಲವತ್ತು ಜಿಬಿ ಜಾಗ ಬೇಕು. ಕಂಪ್ಯೂಟರಿನಲ್ಲಿ ಉಳಿದಿದ್ದದ್ದು ಆರು.

"ಇಷ್ಟು ವರ್ಷ ಎಲ್ಲರ ಕುತ್ತಿಗೆ ಅಳತೆ ತಗೊಂಡಿದ್ದೀನಿ ಕಣೋ," ಎಂದಳು ಅಕ್ಕ ಫೋನಿನಲ್ಲಿ. "ಒಂದು ಕುತ್ತಿಗೆಯಾದ್ರೂ ನನ್ನ ಹೆಸರು ಹೇಳ್ಲಿಲ್ಲ. ಬಂದು ಜಾಗ ಮಾಡ್ಕೊಡು."

"ಅರ್ಧ ಗಂಟೆ ಕೆಲಸ ಅಕ್ಕಾ," ಎಂದೆ. ಆ ಮಾತನ್ನು ಹೇಳಿದ ನನ್ನ ನಾಲಿಗೆಯನ್ನು ನಾನಿನ್ನೂ ಕ್ಷಮಿಸಿಲ್ಲ.

ಹೋಗಿ ನೋಡಿದೆ. ಗಾತ್ರದ ಪ್ರಕಾರ ಜೋಡಿಸಿದಾಗ ಎಲ್ಲಕ್ಕಿಂತ ಮೇಲೆ, ಊಟದ ಪಂಕ್ತಿಯಲ್ಲಿ ಹಿರಿಯರು ಕೂತ ಹಾಗೆ, ಒಂದು ವಿಡಿಯೋ ಕೂತಿತ್ತು. ಹೆಸರು 'ಇತರೆ-೧'. ತೂಕ ನಲವತ್ಮೂರು ಜಿಬಿ. ಭಾವನ ಐವತ್ತನೆಯ ಹುಟ್ಟುಹಬ್ಬಕ್ಕೆ ಅವರ ತಮ್ಮ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟಿದ್ದರು. ಭಾವ ಅದನ್ನು ಚಾಲೂ ಮಾಡಿ, ಮುಖ ಮೇಲೆ ಮಾಡಿ ಊಟದ ಮೇಜಿನ ಮೇಲಿಟ್ಟು, ಅತಿಥಿಗಳನ್ನು ಉಪಚರಿಸಲು ಹೋಗಿ ಮರೆತಿದ್ದರು. ನಾಲ್ಕೂವರೆ ಗಂಟೆಯ ಆ ಚಿತ್ರದಲ್ಲಿ ಆದಿಯಿಂದ ಅಂತ್ಯದವರೆಗೆ ಇರುವುದು ಒಂದೇ ಪಾತ್ರ: ಸೀಲಿಂಗ್ ಫ್ಯಾನು.

"ಭಾವ, ಇದೊಂದನ್ನ ಅಳಿಸಿದ್ರೆ ಮುಗೀತು!" ಎಂದು ಬೆರಳೆತ್ತಿದೆ.

"ಮುಟ್ಬೇಡ!" ಭಾವ ನನ್ನ ಬೆರಳನ್ನು ಗಾಳಿಯಲ್ಲೇ ಹಿಡಿದರು.

ಇಲ್ಲಿ ಭಾವನ ಉದ್ಯೋಗವನ್ನು ಹೇಳದೆ ಮುಂದೆ ಹೋದರೆ ನೀವು ಅವರನ್ನು ಹುಚ್ಚರೆಂದು ತಿಳಿಯಬಹುದು. ಹೇಳಿದ ಮೇಲೂ ತಿಳಿದರೆ ಅದು ನನ್ನ ತಪ್ಪಲ್ಲ. ಭಾವ ಒಂದು ದೊಡ್ಡ ಕಚೇರಿಯ ದಾಖಲೆ ಕೋಣೆಯ ಗುಮಾಸ್ತರು. ಅಲ್ಲಿ ಒಂದು ಚೀಟಿಯನ್ನು ನಾಶ ಮಾಡಬೇಕಾದರೂ ಕ್ರಮವಿದೆ. ಮೊದಲು ಅದನ್ನು 'ಶಾಶ್ವತ', 'ಹತ್ತು ವರ್ಷ', 'ಒಂದು ವರ್ಷ' ಎಂಬ ಮೂರು ವರ್ಗಗಳಲ್ಲಿ ಒಂದಕ್ಕೆ ಸೇರಿಸಬೇಕು. ಆಮೇಲೆ ಸಂಬಂಧಪಟ್ಟವರಿಗೆ ನೋಟೀಸು, ಆಕ್ಷೇಪಣೆ, ವಿಚಾರಣೆ, ಮೂವರ ಸಮಿತಿ, ಮೂರು ಪ್ರತಿಯಲ್ಲಿ ಪ್ರಮಾಣಪತ್ರ. ಭಾವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹುಡುಗುತನದ ಹುರುಪಿನಲ್ಲಿ, ಇದ್ಯಾವುದೂ ಇಲ್ಲದೆ ಒಂದೇ ಒಂದು ಕಡತವನ್ನು ಹರಿದು ಹಾಕಿದರು. ಗೆದ್ದಲು ತಿಂದು ಉಳಿಸಿದ್ದು, ನಲವತ್ತು ವರ್ಷದಿಂದ ಯಾರೂ ಮುಟ್ಟದ್ದು. ಮಾರನೆಯ ದಿನ ಬೆಳಗ್ಗೆ ಹತ್ತೂ ಕಾಲಿಗೆ ಮೇಲಧಿಕಾರಿ ಅದೇ ಕಡತವನ್ನು ಕೇಳಿದರು. ಭಾವ ಹನ್ನೊಂದು ವರ್ಷ ವಿವರಣೆ ಬರೆದರು. ಆ ವಿವರಣೆಗಳದ್ದೇ ಈಗ ಒಂದು ಕಪಾಟು ಇದೆ, ಶಾಶ್ವತ ವರ್ಗದಲ್ಲಿ.

"ಅಳಿಸಿದ ಮಾರನೇ ದಿನವೇ ಕೇಳ್ತಾರೆ, ಬರೆದಿಟ್ಕೋ," ಎಂದರು ಭಾವ. "ಸಂಬಂಧಪಟ್ಟವರಿಗೆ ನೋಟೀಸು ಕೊಡದೆ ಒಂದು ಚುಕ್ಕೆ ಅಳಿಸೋ ಹಾಗಿಲ್ಲ."

"ಫ್ಯಾನಿಗೆ ಸಂಬಂಧಪಟ್ಟವರು ಯಾರು ಭಾವ?"

"ಅದೇ ತೊಡಕು. ಸಂಬಂಧಪಟ್ಟವರೇ ಇಲ್ಲ, ನೋಟೀಸು ಯಾರಿಗೆ ಕೊಡೋದು? ಅದಕ್ಕೇ ಅದು 'ಇತರೆ'. ಮೊದಲು ಫೋಟೋಗಳು."

ಕಂಪ್ಯೂಟರಿನ ಪಾಸ್‌ವರ್ಡ್ ಭಾವನ ತಲೆಯಲ್ಲಿ ಮಾತ್ರ ಇತ್ತು, ಭಾವನ ತಲೆಯ ಪಾಸ್‌ವರ್ಡ್ ಯಾರ ಬಳಿಯೂ ಇರಲಿಲ್ಲ. ಹೀಗಾಗಿ ಅಂದೇ ಸಂಜೆ ಊಟದ ಮೇಜಿನ ಸುತ್ತ ಸಮಿತಿ ಸೇರಿತು. ಅಧ್ಯಕ್ಷರು ಭಾವ, ಸದಸ್ಯ ಕಾರ್ಯದರ್ಶಿ ನಾನು, ಸದಸ್ಯೆ ಅಕ್ಕ.

"ರೀ, ನನಗೆ ಸೋಮವಾರ ಬೇಕು," ಎಂದಳು ಸದಸ್ಯೆ.

"ಸದಸ್ಯರ ಅಭಿಪ್ರಾಯವನ್ನು ದಾಖಲಿಸಲಾಗಿದೆ," ಎಂದು ಅಧ್ಯಕ್ಷರು ನಡಾವಳಿಯನ್ನು ಟೈಪು ಮಾಡಿಸಿ, ಮೂರು ಪ್ರತಿ ಮಾಡಿಸಿ, ಅದೇ ಕಂಪ್ಯೂಟರಿನಲ್ಲಿ ಉಳಿಸಿದರು.

ಎರಡು ದಿನದಲ್ಲಿ ಅರವತ್ತನಾಲ್ಕು ನೋಟೀಸುಗಳು ಹೊರಟವು. ಯಾವ ಫೋಟೋ ಎಂದು ತಿಳಿಯಬೇಕಲ್ಲ, ಆದ್ದರಿಂದ ಪ್ರತಿಯೊಂದಕ್ಕೂ ಫೋಟೋದ ನಕಲು ಲಗತ್ತು. ಒಂದರ ಮಾದರಿ: "ತಾವು ಎಡಗಣ್ಣು ಮುಚ್ಚಿ ಬಲಗೈಯಲ್ಲಿ ಚಮಚ ಹಿಡಿದಿರುವ ಭಾವಚಿತ್ರವನ್ನು 'ಒಂದು ವರ್ಷ' ವರ್ಗಕ್ಕೆ ಸೇರಿಸಲಾಗಿದ್ದು, ಅಳಿಸಲು ಉದ್ದೇಶಿಸಲಾಗಿದೆ. ಆಕ್ಷೇಪಣೆ ಇದ್ದಲ್ಲಿ ಶನಿವಾರ ಸಂಜೆಯೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಸಮ್ಮತಿ ಇದೆಯೆಂದು ಭಾವಿಸಲಾಗುವುದು." ಭಾವಿಸುವವರು ಭಾವ. ನನ್ನ ಪಾಲಿಗೆ ಭಾವಚಿತ್ರ ಎಂಬ ಪದಕ್ಕೆ ಅಂದಿನಿಂದ ಬೇರೆ ಅರ್ಥ ಉಳಿದಿಲ್ಲ.

ಎಡಗಣ್ಣು ಮುಚ್ಚಿ ಚಮಚ ಹಿಡಿದವರು ದೊಡ್ಡತ್ತೆ. ಭಾವನ ತಂದೆಯ ಅಕ್ಕ, ವಯಸ್ಸು ಎಂಬತ್ತೊಂದು, ದನಿ ಇಪ್ಪತ್ತೊಂದು. ಮೊಮ್ಮಗಳು ನೋಟೀಸನ್ನು ಓದಿ ಹೇಳಿದ ಐದನೆಯ ನಿಮಿಷಕ್ಕೆ ಫೋನು ಬಂತು. ಭಾವ ರಿಸೀವರನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದಿದ್ದರು. ಆದರೂ ಪಡಸಾಲೆಗೆಲ್ಲ ಕೇಳಿಸುತ್ತಿತ್ತು.

"ಏನೋ! ನನಗೆ ಒಂದೇ ವರ್ಷ ಅಂತ ಬರ್ದು ಕಳ್ಸಿದ್ದೀಯಂತೆ?"

"ಅತ್ತೆ, ಅದು ವರ್ಗ..."

"ವರ್ಗವೋ ಸ್ವರ್ಗವೋ, ಕಳ್ಸೋಕೆ ನೀನ್ಯಾರೋ? ನಮ್ಮ ಡಾಕ್ಟ್ರೇ ಇನ್ನೂ ಐದು ವರ್ಷಕ್ಕೆ ಮೋಸವಿಲ್ಲ ಅಂದಿದ್ದಾನೆ. ನೀನು ಧೂಳಿನ ಕೋಣೇಲಿ ಕೂತು ನಾಲ್ಕು ವರ್ಷ ಕಡಿತ ಮಾಡ್ತೀಯಾ? ಜೊತೆಗೆ ಕೊನೇ ಸಾಲು! 'ಸಮ್ಮತಿ ಇದೆಯೆಂದು ಭಾವಿಸಲಾಗುವುದು'! ನನಗೆ ಸಮ್ಮತಿ ಇಲ್ಲ! ನಾನು ಹೋಗಲ್ಲ!"

"ಎಲ್ಲಿಗೂ ಹೋಗ್ಬೇಡಿ ಅತ್ತೆ. ಲಿಖಿತವಾಗಿ ಕೊಡಿ, ಸಾಕು."

"ಕೊಡ್ತೀನಿ. ಬದುಕಿದ್ದೀನಿ ಅಂತ ಪುರಾವೆ ಸಮೇತ ಕೊಡ್ತೀನಿ!"

ಆ ಫೋನು ಇಟ್ಟರೆ ಇನ್ನೊಂದು. ಭಾವನ ತಮ್ಮ ದಂತವೈದ್ಯರು. ಕುರ್ಚಿಯಲ್ಲಿ ಮಲಗಿಸಿದ ರೋಗಿಯೊಡನೆ ಮಾತಾಡಿ ಮಾತಾಡಿ, ನಿಂತವರ ಜೊತೆಗೂ ಅದೇ ದನಿ.

"ಅಣ್ಣಾ, ಗಾಬರಿ ಬೇಡ, ನೋವಾಗಲ್ಲ. ಒಂದೇ ಒಂದು ಪ್ರಶ್ನೆ. ನಾನು ಹತ್ತು ವರ್ಷ, ನನ್ನ ಹೆಂಡ್ತಿ ಶಾಶ್ವತ. ಯಾಕೆ?"

"ನಿನ್ನದರಲ್ಲಿ ಮುಖ ಅಲ್ಲಾಡಿದೆ. ಅವಳದು ಸ್ಪಷ್ಟವಾಗಿದೆ."

"ಅವಳು ಯಾವಾಗಲೂ ಸ್ಪಷ್ಟವಾಗೇ ಇರ್ತಾಳೆ ಅಣ್ಣಾ, ಅದೇ ಕಷ್ಟ. ಬೆಳಗ್ಗೆಯಿಂದ 'ಶಾಶ್ವತದವಳು ಹೇಳ್ತಿದ್ದೀನಿ, ಹತ್ತು ವರ್ಷದವರು ಎದ್ದು ಹಾಲು ತನ್ನಿ' ಅಂತಿದ್ದಾಳೆ. ನನ್ನನ್ನೂ ಶಾಶ್ವತಕ್ಕೆ ಹಾಕು. ನನ್ನ ಒಳ್ಳೆ ಫೋಟೋ ಇನ್ನೂರು ಕಳ್ಸ್ತೀನಿ, ಆರಿಸ್ಕೋ."

ಕಳಿಸಿದರು. ಭಾವ ಇನ್ನೂರನ್ನೂ 'ಆಕ್ಷೇಪಣೆಗಳು' ಎಂಬ ಹೊಸ ಕಡತಕ್ಕೆ ಸೇರಿಸಿದರು. ಉಳಿದ ಬಂಧುಗಳೂ ಹಿಂದೆ ಬೀಳಲಿಲ್ಲ. ಪುರಾವೆಗಾಗಿ ಒಬ್ಬರು ಮೂವತ್ತು ವರ್ಷದ ಆಲ್ಬಮ್ಮನ್ನೇ ಸ್ಕ್ಯಾನು ಮಾಡಿಸಿ ಕಳಿಸಿದರು. ದೊಡ್ಡತ್ತೆಯ ಮೊಮ್ಮಗಳು ಪೆನ್‌ಡ್ರೈವ್ ಹಿಡಿದು ಬಂದಳು. ಅದರಲ್ಲಿ ದೊಡ್ಡತ್ತೆ ಆ ದಿನದ ಪತ್ರಿಕೆ ಎದೆಗೆ ಹಿಡಿದು, ಮೆಟ್ಟಿಲು ಹತ್ತಿ ಇಳಿದು, ಎರಡು ಬಾರಿ ಬಗ್ಗಿ ಕಾಲಿನ ಹೆಬ್ಬೆರಳು ಮುಟ್ಟಿ, ಉಳಿದ ಇಪ್ಪತ್ತು ನಿಮಿಷ ಭಾವನನ್ನು ಬೈದಿದ್ದರು. ಜಾಗ ಆರರಿಂದ ನಾಲ್ಕಾಯಿತು, ನಾಲ್ಕು ಒಂದಾಯಿತು. ಅಳಿಸುವ ಕಾರ್ಯಕ್ರಮ ಹೀಗೆ ಭರದಿಂದ ಸಾಗಿದಂತೆಲ್ಲ ಕಂಪ್ಯೂಟರು ತುಂಬಿಕೊಳ್ಳುತ್ತ ಹೋಯಿತು.

ಅಕ್ಕ ಭಾವನೊಡನೆ ಮಾತು ಬಿಟ್ಟಳು. ಅವಳ ಸಿಟ್ಟೆಲ್ಲ ಸೂಜಿಗೆ ಇಳಿಯುತ್ತದೆ. ಬುಧವಾರ ಹೆಣೆಯಲು ಹಿಡಿದ ಸ್ವೆಟರಿನ ಒಂದು ತೋಳು ಶುಕ್ರವಾರ ಅಡುಗೆಮನೆ ದಾಟಿ ಬಾಗಿಲ ಹತ್ತಿರ ಬಂದಿತ್ತು.

"ಅಕ್ಕಾ, ಇಷ್ಟುದ್ದ ಕೈ ಯಾರಿಗೆ?"

"ಇಲ್ಲಿಂದ ಗಿರಣಿಗೆ ಮುಟ್ಟೋ ಕೈ ಬೇಕಲ್ಲ, ಕಂಪ್ಯೂಟರ್ ಮುಟ್ಟಿಸೋ ಹಾಗೆ ಕಾಣ್ತಿಲ್ಲ."

ಹತ್ತರಲ್ಲಿ ಒಂಬತ್ತು ವಿನ್ಯಾಸಗಳು ಚೌಕುಳಿ ಕಾಗದದ ಮೇಲೆ ಸಿದ್ಧವಾಗಿ ಕೂತಿದ್ದವು, ಬಸ್ಸು ಬಾರದ ನಿಲ್ದಾಣದಲ್ಲಿ ಮಕ್ಕಳು ಕೂತ ಹಾಗೆ. ಹತ್ತನೆಯದು ಅವಳಿಗೆ ಹೊಳೆದೇ ಇರಲಿಲ್ಲ.

ಶನಿವಾರ ಸಂಜೆ ಗಡುವು ಮುಗಿಯಲು ಹತ್ತು ನಿಮಿಷವಿದ್ದಾಗ ಕೆಳಮನೆಯ ನಿವೃತ್ತ ನ್ಯಾಯಾಧೀಶರು ಮೆಟ್ಟಿಲು ಹತ್ತಿ ಬಂದರು. ಒಂದು ಫೋಟೋದ ಅಂಚಿನಲ್ಲಿ ಅವರ ಅರ್ಧ ಮೀಸೆ ಬಂದಿತ್ತಾದ್ದರಿಂದ ಅವರಿಗೂ ಒಂದು ನೋಟೀಸು ಹೋಗಿತ್ತು. ನಿವೃತ್ತಿಯಾದ ಆರು ವರ್ಷಗಳಲ್ಲಿ ಅವರ ಕೈಗೆ ಬಂದ ಮೊದಲ ಕಾನೂನಿನ ಕಾಗದ ಅದು. ಮುಖದಲ್ಲಿ ಮದುಮಗನ ಕಳೆ.

"ಸದರಿ ಅರ್ಧ ಮೀಸೆಯ ಸಂಬಂಧ ಅರ್ಜಿಯನ್ನು ಪರಿಶೀಲಿಸಲಾಗಿದೆ. ಅಂತಿಮ ವಿಲೇವಾರಿಯವರೆಗೆ ಎಲ್ಲ ಅಳಿಸುವಿಕೆಗೂ ತಡೆಯಾಜ್ಞೆ ನೀಡಲಾಗಿದೆ," ಎಂದು ಸಹಿ ಮಾಡಿದ ಕಾಗದ ಚಾಚಿದರು. ಅರ್ಜಿದಾರರೂ ಅವರೇ, ನ್ಯಾಯಾಧೀಶರೂ ಅವರೇ.

"ಸ್ವಾಮಿ, ತಾವು ನಿವೃತ್ತರಲ್ವೇ?" ಎಂದೆ ನಾನು.

"ನಾನು ನಿವೃತ್ತನಪ್ಪಾ. ನ್ಯಾಯ ನಿವೃತ್ತವಾಗಿಲ್ಲ. ವಿಚಾರಣೆ ನಾಳೆ ಬೆಳಗ್ಗೆ ಹತ್ತಕ್ಕೆ."

ಒಳಗಿನಿಂದ ಸೂಜಿ ಮುರಿದ ಸದ್ದು ಕೇಳಿತು.

ಭಾನುವಾರ ಹತ್ತಕ್ಕೆ ಊಟದ ಮನೆಯೇ ನ್ಯಾಯಾಲಯವಾಯಿತು. ಮೇಜಿನ ತಲೆಗೆ ನ್ಯಾಯಾಧೀಶರು, ಎಡಕ್ಕೆ ದೊಡ್ಡತ್ತೆ, ಬಲಕ್ಕೆ ದಂತವೈದ್ಯರು, ಎದುರಿಗೆ ಕಂಪ್ಯೂಟರು ಮತ್ತು ಭಾವ, ಇಬ್ಬರೂ ಬಿಸಿಯಾಗಿ. ಉಳಿದಿದ್ದ ಜಾಗ ಒಂದು ಜಿಬಿಯ ಹತ್ತನೇ ಒಂದು ಪಾಲು. ಅಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ತೋಳು ಅವಳ ಕಾಲ ಬಳಿ ಹಾವಿನಂತೆ ಸುತ್ತಿಕೊಂಡಿತ್ತು.

"ಮೊದಲ ಪ್ರಕರಣ?" ಎಂದರು ನ್ಯಾಯಾಧೀಶರು.

"ಇತರೆ-೧," ಎಂದೆ ನಾನು, ಭಾವ ಬಾಯಿ ತೆರೆಯುವ ಮೊದಲೇ. ಇದೊಂದು ಬಿದ್ದರೆ ಮಿಕ್ಕಿದ್ದೆಲ್ಲ ಯಾರ ವರ್ಗದಲ್ಲಾದರೂ ಇರಲಿ.

"ಹಿತಾಸಕ್ತರು?"

"ಯಾರೂ ಇಲ್ಲ ಸ್ವಾಮಿ, ಅದರಲ್ಲಿರೋದು ಈ ಫ್ಯಾನು." ಭಾವ ಮೇಲೆ ತೋರಿಸಿದರು.

ನ್ಯಾಯಾಧೀಶರು ಫ್ಯಾನನ್ನು ದೀರ್ಘವಾಗಿ ನೋಡಿದರು. "ಎದುರುದಾರರಿಗೆ ನೋಟೀಸು ಜಾರಿಯಾಗಿದೆಯೇ?"

"ಇಲ್ಲ ಸ್ವಾಮಿ."

"ಮತ್ತೆ! ಯಾರನ್ನೂ ಕೇಳದೆ ಶಿಕ್ಷಿಸುವಂತಿಲ್ಲ. ಕೈಗೆ ಕೊಡಲಾಗದಿದ್ದರೆ ವಾಸಸ್ಥಳದಲ್ಲಿ ಅಂಟಿಸಿ."

ಭಾವನ ಕಣ್ಣಲ್ಲಿ ನೀರಾಡಿತು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ತಮಗಿಂತ ದೊಡ್ಡವರೊಬ್ಬರನ್ನು ಅವರು ಈಗ ಕಂಡಿದ್ದರು. ಅಕ್ಕನನ್ನು ಎಬ್ಬಿಸಿ, ಅವಳ ಸ್ಟೂಲು ಹತ್ತಿ, "ಶ್ರೀಯುತ ಸೀಲಿಂಗ್ ಫ್ಯಾನ್, ಊಟದ ಕೋಣೆ" ಎಂಬ ವಿಳಾಸದ ನೋಟೀಸನ್ನು ಒಂದು ರೆಕ್ಕೆಗೆ ಅಂಟಿಸಿ ಇಳಿದರು.

"ಇಷ್ಟು ಸೆಕೆಯಲ್ಲಿ ಹೇಗೆ ಕೂರ್ತೀರಿ? ಸ್ವಲ್ಪ ಗಾಳಿ ಬರ್ಲಿ, ಏನೂ ಆಗಲ್ಲ," ಎಂದು ದಂತವೈದ್ಯರು ಸ್ವಿಚ್ಚು ಒತ್ತಿದರು.

ಫ್ಯಾನು ಎರಡು ಸುತ್ತು ಹೊಡೆದು ನೋಟೀಸನ್ನು ದೊಡ್ಡತ್ತೆಯ ಮಡಿಲಿಗೆ ಎಸೆಯಿತು.

"ಎದುರುದಾರರು ನೋಟೀಸನ್ನು ನಿರಾಕರಿಸಿದ್ದಾರೆ ಎಂದು ದಾಖಲಿಸಿ," ಎಂದರು ನ್ಯಾಯಾಧೀಶರು, ರೆಪ್ಪೆ ಬಡಿಯದೆ.

"ನೋಡು, ಆ ಫ್ಯಾನಿಗಿರೋ ಧೈರ್ಯ!" ಎಂದರು ದೊಡ್ಡತ್ತೆ. "ಅದಕ್ಕೆ ವರ್ಗವೇ ಇಲ್ಲ, ನನಗೆ ಒಂದು ವರ್ಷ!"

"ಇನ್ನು ವಸ್ತುವನ್ನೇ ಪರಿಶೀಲಿಸಬೇಕು. ಬೇರೆ ಹಿತಾಸಕ್ತರು ಇದ್ದಾರೆಯೇ ಎಂದು ತಿಳಿಯಲಿ. ವಿಡಿಯೋ ಹಾಕಿ."

ಚಕ್ರ ತಿರುಗಿತು, ತಿರುಗಿತು. ಕೊನೆಗೆ ತೆರೆಯ ಮೇಲೆ ಫ್ಯಾನು ಮೂಡಿತು. ಮೇಲೊಂದು ಫ್ಯಾನು, ಎದುರಿಗೊಂದು ಫ್ಯಾನು. ಮೂರು ನಿಮಿಷ ಎಲ್ಲರೂ ಶ್ರದ್ಧೆಯಿಂದ ನೋಡಿದೆವು. ಆಮೇಲೆ, ತಟ್ಟೆಗಳ ಸದ್ದಿನ ನಡುವೆ, ಒಂದು ದನಿ ಬಂತು. ಚಿತ್ರದಲ್ಲಿ ಫ್ಯಾನಷ್ಟೇ ಇದ್ದರೂ, ಮೇಜಿನ ಸುತ್ತ ಕೂತವರೆಲ್ಲರ ಮಾತನ್ನೂ ಕ್ಯಾಮೆರಾ ಕೇಳಿಸಿಕೊಂಡಿದೆ ಎಂಬುದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ದನಿ ದೊಡ್ಡತ್ತೆಯದು: "ಇವನು ಕಟ್ಟಿದ ಹಲ್ಲು ಹಾಕ್ಕೊಂಡ್ರೆ ನಾನು ನಗ್ತಿದ್ದೀನೋ ಅಳ್ತಿದ್ದೀನೋ ನನಗೇ ತಿಳಿಯಲ್ಲ ಕಣೇ. ಆ ಬೀದಿ ಕೊನೇ ಡಾಕ್ಟ್ರ ಹತ್ರ ಗುಟ್ಟಾಗಿ ಬೇರೆ ಮಾಡಿಸ್ಕೊಂಡೆ. ಇವನದನ್ನ ಗುಂಡಿ ಡಬ್ಬೀಲಿ ಹಾಕಿಟ್ಟಿದ್ದೀನಿ."

ದಂತವೈದ್ಯರ ಬಾಯಿ ತಾನಾಗಿ ಅಗಲವಾಗಿ ತೆರೆಯಿತು. ಮುಚ್ಚುವ ಮೊದಲು ಅವರದೇ ದನಿ ಬಂತು: "ಅತ್ತೆ ಹಲ್ಲಿಗೆ ಅಳತೆ ತಗೊಳ್ಳೋಕಾಗುತ್ತಾ? ಅಳತೆ ಗಟ್ಟಿಯಾಗೋಕೆ ಎರಡು ನಿಮಿಷ ಸುಮ್ಮನಿರಬೇಕು. ಅವರು ಹುಟ್ಟಿದಾಗಿಂದ ಎರಡು ನಿಮಿಷ ಸುಮ್ಮನಿದ್ದಿಲ್ಲ."

"ಏನಂದ್ಯೋ?" ದೊಡ್ಡತ್ತೆ ಎದ್ದು ನಿಂತರು.

"ಸುವ್ಯವಸ್ಥೆ! ಸುವ್ಯವಸ್ಥೆ!" ಎಂದು ನ್ಯಾಯಾಧೀಶರು ಚಮಚದಿಂದ ಮೇಜು ಕುಟ್ಟಿದರು. ಅಷ್ಟರಲ್ಲಿ ಪೆಟ್ಟಿಗೆಯೊಳಗಿನ ನ್ಯಾಯಾಧೀಶರು ಮಾತಾಡತೊಡಗಿದರು: "ಮೇಲಿನ ಮನೆಯವರು ಬೆಳಗ್ಗೆ ಐದಕ್ಕೇ ಧಡಧಡ ಅಂತ ಓಡಾಡ್ತಾರೆ. ನಾನೇನು ಜಗಳಕ್ಕೆ ಹೋಗೋದಿಲ್ಲ. ಸುಮ್ಮನೆ ಅವರ ನೀರಿನ ವಾಲ್ವು ತಿರುಗಿಸಿಬಿಡ್ತೀನಿ."

ಭಾವ ಕೊಳಾಯಿ ರಿಪೇರಿಯವನನ್ನು ಏಳು ಬಾರಿ ಕರೆಸಿದ್ದರು. ಏಳು ಬಾರಿಯೂ ಅವನು ತಲೆ ಕೆರೆದುಕೊಂಡು, "ನೀರಿಗೇ ಮನಸ್ಸಿಲ್ಲ ಸಾರ್" ಎಂದು ಹೋಗಿದ್ದ. ಭಾವ ನಿಧಾನವಾಗಿ ತಿರುಗಿ ನೋಡಿದರು. ನ್ಯಾಯಾಧೀಶರು ಅರ್ಧ ಮೀಸೆಯನ್ನು ಕೈಯಿಂದ ಮುಚ್ಚಿಕೊಂಡರು.

ಇವರ ಪಾಡು ನೋಡಿ ನಾನು ನಗುತ್ತಿದ್ದೆ. ಅದೂ ಹೆಚ್ಚು ಹೊತ್ತು ನಡೆಯಲಿಲ್ಲ. ಪೆಟ್ಟಿಗೆಯಿಂದ ಈಗ ಭಾವನ ದನಿ ಬರುತ್ತಿತ್ತು: "ತಲೆನೋವೇ? ಯಾವ ದಿನಾಂಕದಿಂದ? ಹಿಂದಿನ ತಲೆನೋವಿನ ಉಲ್ಲೇಖ ಸಂಖ್ಯೆ ಏನು? ಮೂರು ಪ್ರತಿಯಲ್ಲಿ ನರಳತಕ್ಕದ್ದು!" ಅದರ ಹಿಂದೆಯೇ ಅಕ್ಕ ಬಿದ್ದು ಬಿದ್ದು ನಗುವ ಸದ್ದು. ನರಳತಕ್ಕದ್ದು ಎಂದ ದನಿ ಭಾವನದಲ್ಲ, ನನ್ನದು. ಊಟದ ಮೇಜಿನಲ್ಲಿ ಭಾವನನ್ನು ಅಣಕಿಸುವುದು ನನ್ನ ಹಳೆಯ ಚಟ.

ಭಾವ ಹುಬ್ಬು ಗಂಟಿಕ್ಕಿ ಆಲಿಸಿದರು. "ಇದು ನಾನು," ಎಂದರು ಕೊನೆಗೆ. "ಯಾವಾಗ ಹೇಳ್ದೆ ಅಂತ ನೆನಪಿಲ್ಲ. ಆದರೆ ಹೇಳಿರೋದು ಸರಿಯಾಗೇ ಇದೆ."

"ಇನ್ನೂ ಎಷ್ಟಿದೆ ಇದು?" ದೊಡ್ಡತ್ತೆಯ ದನಿ ಮೊದಲ ಬಾರಿಗೆ ಕ್ಷೀಣವಾಗಿತ್ತು.

"ಹನ್ನೆರಡು ನಿಮಿಷ ಆಯ್ತು," ಎಂದೆ. "ಇನ್ನು ನಾಲ್ಕು ಗಂಟೆ ಹದಿನೆಂಟು ನಿಮಿಷ."

ಮೂವರೂ ಒಟ್ಟಿಗೆ ಭಾವನತ್ತ ತಿರುಗಿದರು.

"ಅಳ್ಸು!" ಎಂದರು ದೊಡ್ಡತ್ತೆ.

"ಬೇರು ಸಮೇತ ಕಿತ್ಹಾಕು ಅಣ್ಣಾ!"

"ತಡೆಯಾಜ್ಞೆ ತೆರವುಗೊಳಿಸಲಾಗಿದೆ. ಕೂಡಲೇ ಜಾರಿಗೆ ಬರತಕ್ಕದ್ದು. ಈಗಲೇ! ಬೇಗ!"

"ಭಾವ, ಅಳಿಸಿಬಿಡಿ," ಎಂದೆ ನಾನೂ.

ಆದರೆ ಭಾವ ಸುಮ್ಮನೆ ಡ್ರಾಯರು ಎಳೆದು ಒಂದು ಹಾಳೆ ತೆಗೆದರು. ಮೇಲೆ ಬರೆದರು: 'ನಮ್ಮ ಆಕ್ಷೇಪಣೆ ಇರುವುದಿಲ್ಲ.' ಹಾಳೆ ಮೇಜನ್ನು ಸುತ್ತಿ ಬರಲು ಒಂದು ನಿಮಿಷ ಹಿಡಿಯಲಿಲ್ಲ. ಕನ್ನಡಕವಿಲ್ಲದೆ ಸಹಿ ಮಾಡೆನೆಂದು ಎಂಬತ್ತೊಂದು ವರ್ಷ ಹಟ ಹಿಡಿದ ದೊಡ್ಡತ್ತೆ, ಅಂದು ಕನ್ನಡಕವಿಲ್ಲದೆ ಮೂರು ಪ್ರತಿಗೂ ಸಹಿ ಮಾಡಿದರು.

ಎಲ್ಲ ಮುಗಿದು ಭಾವನ ಬೆರಳು ಗುಂಡಿಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಹನ್ನೊಂದು ವರ್ಷದ ವಿವರಣೆಗಳ ಕಪಾಟು ಆ ಒಂದು ಬೆರಳಿನ ಮೇಲೆ ಕೂತಿತ್ತು.

ಅಕ್ಕ ಎದ್ದು ಬಂದು ಪಕ್ಕದಲ್ಲಿ ನಿಂತಳು. "ರೀ," ಎಂದಳು ಮೆಲ್ಲಗೆ, "ನಾಳೆ ಹನ್ನೊಂದು."

ಭಾವ ಕಣ್ಣು ಮುಚ್ಚಿ ಒತ್ತಿದರು. ಕಂಪ್ಯೂಟರು ಕೇಳಿತು: 'ಇದನ್ನು ಶಾಶ್ವತವಾಗಿ ಅಳಿಸಲು ನೀವು ಖಚಿತವಾಗಿ ಬಯಸುವಿರಾ?'

ಭಾವ ಕಣ್ಣು ಬಿಟ್ಟು ಓದಿದರು. ಮುಖ ಅರಳಿತು. "ನೋಡಿದ್ರಾ?" ಎಂದರು ಎಲ್ಲರತ್ತ ತಿರುಗಿ. "ಇದಕ್ಕೂ ಕ್ರಮ ಗೊತ್ತು! ಎಂಟು ವರ್ಷದಿಂದ ನಾನು ಇದನ್ನ ಬರೀ ಯಂತ್ರ ಅಂದ್ಕೊಂಡಿದ್ದೆ!" ಸಹೋದ್ಯೋಗಿಯ ಕೈ ಕುಲುಕುವ ಹಾಗೆ ಗೌರವದಿಂದ 'ಹೌದು' ಒತ್ತಿದರು.

ಜಾಗ ನಲವತ್ಮೂರಕ್ಕೆ ಹಾರಿತು. ಬಂದವರು ಒಬ್ಬರ ಮುಖ ಒಬ್ಬರು ನೋಡದೆ ಮೆಟ್ಟಿಲಿಳಿದರು. ಮಧ್ಯಾಹ್ನದಿಂದಲೇ ಕೊಳಾಯಿಯಲ್ಲಿ ನೀರು ಧಾರಾಳವಾಗಿ ಬಂತು. ಸಂಜೆಯ ಹೊತ್ತಿಗೆ ಗಿರಣಿಯ ಸಾಫ್ಟ್‌ವೇರು ಕಾಲು ಚಾಚಿ ಮಲಗಿತು. ಅಕ್ಕ ಒಂಬತ್ತು ವಿನ್ಯಾಸಗಳನ್ನು ಅದಕ್ಕೆ ಇಳಿಸಿದಳು. ಹತ್ತನೆಯದನ್ನು ಚೌಕುಳಿ ಕಾಗದದ ಹಂಗಿಲ್ಲದೆ ನೇರವಾಗಿ ತೆರೆಯ ಮೇಲೇ ಹಾಕಿದಳು: ಬೂದು ನೆಲ, ಮೇಲೆ ಮೂರು ರೆಕ್ಕೆಯ ಹೂವುಗಳು, ಒಂದೊಂದು ಹೂವಿನ ರೆಕ್ಕೆಗೂ ಒಂದು ಪುಟ್ಟ ಬಿಳಿ ಚೀಟಿ. ಸೋಮವಾರ ಹತ್ತು ಐವತ್ತಾರಕ್ಕೆ ಹತ್ತೂ ಹೊರಟವು. ತಿಂಗಳ ಮೇಲೆ ಗಿರಣಿಯವರು ಆರಿಸಿದ್ದು ಆ ಹತ್ತನೆಯದನ್ನೇ. ಅದರ ಕುತ್ತಿಗೆಯ ಹಿಂದೆ ಈಗ ಅಕ್ಕನ ಹೆಸರಿದೆ.

ಆದರೆ ನಾನು ಹೇಳಬೇಕಾದದ್ದು ಭಾವ ರಜೆ ಹಾಕಿ ಮನೆಯಲ್ಲಿದ್ದ ಆ ಸೋಮವಾರ ಹನ್ನೊಂದೂ ಐದಕ್ಕೆ ಬಂದ ಫೋನಿನ ವಿಷಯ.

"ನೋಡೋ," ಎಂದಿತು ದೊಡ್ಡತ್ತೆಯ ದನಿ, ಎಂದೂ ಕೇಳದಷ್ಟು ಮೃದುವಾಗಿ. "ರಾತ್ರಿಯೆಲ್ಲ ಯೋಚಿಸ್ದೆ. ಆ ವಿಡಿಯೋದಲ್ಲಿ ಮುಂದೆ ನಿನ್ನ ತಮ್ಮ ನನ್ನ ಬಗ್ಗೆ ಇನ್ನೇನೇನು ಅಂದಿದ್ದಾನೋ. ಸ್ವಲ್ಪ ಹಾಕಿ ಕೇಳ್ಸು. ಯಾರಿಗೂ ಹೇಳ್ಬೇಡ."

ಭಾವ ಎದ್ದು ನಿಂತರು. ಅಷ್ಟು ಸಂತೋಷದ ಮುಖವನ್ನು ನಾನು ಅವರ ಮದುವೆಯ ದಿನವೂ ನೋಡಿರಲಿಲ್ಲ.

"ಮಾರನೇ ದಿನ!" ಎಂದರು ನನ್ನತ್ತ ತಿರುಗಿ, ಪಿಸುದನಿಯಲ್ಲಿ. "ನಾನು ಹೇಳ್ಲಿಲ್ವಾ? ಸರಿಯಾಗಿ ಮಾರನೇ ದಿನ!" ಆಮೇಲೆ ಡ್ರಾಯರಿನಿಂದ ಹಾಳೆ ತೆಗೆದು, ಗಂಟಲು ಸರಿಮಾಡಿಕೊಂಡು, ಫೋನಿನಲ್ಲಿ ಓದಿದರು: "'ನಮ್ಮ ಆಕ್ಷೇಪಣೆ ಇರುವುದಿಲ್ಲ.' ಕೆಳಗೆ ಸಹಿ, ಅತ್ತೆ. ನಿಮ್ಮದೇ. ದಿನಾಂಕ ಸಮೇತ."

ಆ ಕಡೆ ದೊಡ್ಡತ್ತೆ ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಎರಡು ನಿಮಿಷ ಸುಮ್ಮನಿದ್ದರು. ದಂತವೈದ್ಯರು ಅಲ್ಲಿದ್ದಿದ್ದರೆ ಹಲ್ಲಿನ ಅಳತೆ ತೆಗೆದುಕೊಳ್ಳಬಹುದಿತ್ತು.

"ಹಾಗಾದ್ರೆ," ಎಂದರು ಕೊನೆಗೆ, "ಈಗ ನಾನು ಯಾವ ವರ್ಗ?"

"ಶಾಶ್ವತ, ಅತ್ತೆ."

"ಹಾಂ. ಬರವಣಿಗೆಯಲ್ಲಿ ಕೊಡು. ಮೂರು ಪ್ರತಿ."